ಶತ್ರುವಿನ ಜೇಬಿನಲ್ಲಿ ಸಿಕ್ಕ ಫೋಟೋ: ಯುದ್ಧವಿರೋಧಿ ಸಿನಿಮಾ ಎಂದರೇನು?

2024ರ ಆರಂಭದಲ್ಲಿ ಕಲಬುರಗಿ ಜಿಲ್ಲೆಯ ಕೆಲವು ಯುವಕರ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ, ಅಲ್ಲಿಯವರೆಗೆ ಟಿವಿಯಲ್ಲಷ್ಟೇ ಇದ್ದ ರಷ್ಯಾ–ಉಕ್ರೇನ್ ಯುದ್ಧ ಒಮ್ಮೆಲೇ ನಮ್ಮ ಓಣಿಯ ಮಾತಾಯಿತು. ಸಹಾಯಕರ ಕೆಲಸವಿದೆ, ಕೈತುಂಬ ಸಂಬಳವಿದೆ ಎಂದು ಏಜೆಂಟರು ನಂಬಿಸಿ ಕರೆದೊಯ್ದಿದ್ದ ಆ ಹುಡುಗರು ರಷ್ಯಾದ ಸೇನೆಯ ಜೊತೆ ಯುದ್ಧಭೂಮಿ ಸೇರಿದ್ದರು. ಅವರು ಊರಿಗೆ ಮರಳುವ ಹೊತ್ತಿಗೆ ಸೆಪ್ಟೆಂಬರ್ ಬಂದಿತ್ತು. ಮರುವರ್ಷ ಮೇ ತಿಂಗಳಲ್ಲಿ ಭಾರತ ಮತ್ತು ಪಾಕಿಸ್ತಾನಗಳ ನಡುವೆ ನಾಲ್ಕು ದಿನ ಸೇನಾ ಸಂಘರ್ಷ ನಡೆದಾಗ ಎಲ್ಲರ ಮೊಬೈಲುಗಳಲ್ಲೂ ಸ್ಫೋಟದ ವಿಡಿಯೊಗಳು ತುಂಬಿದವು. ಅವುಗಳಲ್ಲಿ ಕೆಲವು ಕಂಪ್ಯೂಟರ್ ಆಟಗಳಿಂದ ತೆಗೆದ ದೃಶ್ಯಗಳಾಗಿದ್ದವು. ನಿಜವಾದ ದಾಳಿಗೂ ಆಟದ ದಾಳಿಗೂ ವ್ಯತ್ಯಾಸ ತಿಳಿಯದಂತೆ ನಾವು ನೋಡಿದೆವು, ಇನ್ನೊಬ್ಬರಿಗೆ ಕಳಿಸಿದೆವು.

ಯುದ್ಧವನ್ನು ಹೀಗೆ ನೋಡುವುದಕ್ಕಿಂತ ಬೇರೆಯಾದ ನೋಟವೊಂದನ್ನು ಕಟ್ಟಿಕೊಡಲು ಸಿನಿಮಾ ಮಾಧ್ಯಮ ಸುಮಾರು ನೂರು ವರ್ಷಗಳಿಂದ ಪ್ರಯತ್ನಿಸುತ್ತಿದೆ. ಅಂಥ ಚಿತ್ರಗಳನ್ನು ಯುದ್ಧವಿರೋಧಿ ಸಿನಿಮಾ ಎಂದು ಕರೆಯುತ್ತಾರೆ. ಹೆಸರು ಕೇಳಿದೊಡನೆ ಅನೇಕರಿಗೆ ಇದು ದೇಶದ ವಿರುದ್ಧವೋ ಸೈನಿಕರ ವಿರುದ್ಧವೋ ಇರಬೇಕೆಂಬ ಅನುಮಾನ ಬರುತ್ತದೆ. ಆದ್ದರಿಂದ ಅದು ಏನು, ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಬುಡದಿಂದಲೇ ನೋಡೋಣ.

ಕತ್ತಿಯ ಕಥೆ, ಬಾಯಾರಿಕೆಯ ಕಥೆ

ಯುದ್ಧವನ್ನು ವಸ್ತುವಾಗಿಸಿಕೊಂಡ ಯಾವ ಚಿತ್ರವನ್ನಾದರೂ ಯುದ್ಧದ ಸಿನಿಮಾ ಎನ್ನಬಹುದು. ಸಾಮಾನ್ಯವಾಗಿ ಅಲ್ಲಿ ನಮ್ಮವರು, ಅವರು ಎಂಬ ಎರಡು ಪಕ್ಷಗಳಿರುತ್ತವೆ. ನಮ್ಮವರಿಗೆ ಹೆಸರು, ಮನೆ, ತಾಯಿ, ಪ್ರೇಯಸಿ, ಹಾಡು ಎಲ್ಲವೂ ಇರುತ್ತವೆ. ಎದುರಿನವರಿಗೆ ಸಮವಸ್ತ್ರ ಮತ್ತು ಬಂದೂಕು ಮಾತ್ರ ಇರುತ್ತವೆ. ಅವರು ಸತ್ತಾಗ ಪ್ರೇಕ್ಷಕ ಚಪ್ಪಾಳೆ ಹೊಡೆಯುತ್ತಾನೆ. ಯುದ್ಧವಿರೋಧಿ ಸಿನಿಮಾದಲ್ಲೂ ಬಂದೂಕುಗಳಿವೆ, ಸಾವುಗಳಿವೆ, ಧೈರ್ಯವೂ ಇದೆ. ಆದರೆ ಗೆದ್ದವರು ಯಾರು ಎಂಬ ಪ್ರಶ್ನೆಯನ್ನು ಅದು ಪಕ್ಕಕ್ಕಿಟ್ಟು, ಇದು ಮನುಷ್ಯರಿಗೆ ಏನು ಮಾಡಿತು ಎಂದು ಕೇಳುತ್ತದೆ.

ಈ ವ್ಯತ್ಯಾಸ ತಿಳಿಯಲು ಕಲಬುರಗಿ, ಯಾದಗಿರಿ ಸೀಮೆಯವರು ದೂರ ಹೋಗಬೇಕಾಗಿಲ್ಲ. ಮೊಹರಂ ದಿನಗಳಲ್ಲಿ ನಮ್ಮ ಹಳ್ಳಿಗಳ ಅಲಾಯಿ ಕುಣಿಯ (ಬೆಂಕಿ ಹಾಕುವ ಗುಂಡಿಯ) ಸುತ್ತ ಹಿಂದೂಗಳೂ ಮುಸಲ್ಮಾನರೂ ಸೇರಿ ಕನ್ನಡದಲ್ಲೇ ಹಾಡುವ ರಿವಾಯತ್ ಪದಗಳನ್ನು ನೆನಪಿಸಿಕೊಳ್ಳಿ. ಅವು ಹಾಡುವುದು ಪ್ರವಾದಿ ಮಹಮ್ಮದರ ಮೊಮ್ಮಗ ಹುಸೇನರು ಹತರಾದ ಕರ್ಬಲಾದ ಕಾಳಗವನ್ನೇ. ಆದರೆ ಕೇಳುವವರ ಕಣ್ಣಲ್ಲಿ ನೀರು ಬರುವುದು ಕತ್ತಿ ಬೀಸಿದ ವರ್ಣನೆಗಲ್ಲ. ನದಿ ಹತ್ತಿರದಲ್ಲೇ ಹರಿಯುತ್ತಿದ್ದರೂ ಹನಿ ನೀರು ಸಿಗದೆ ಬಾಯಾರಿದ ಕೂಸಿಗೆ, ಅದನ್ನು ಎತ್ತಿಕೊಂಡು ನಿಂತ ತಂದೆಗೆ, ಡೇರೆಯಲ್ಲಿ ಕಾದು ಕುಳಿತ ಹೆಂಗಸರಿಗೆ. ಒಂದು ಯುದ್ಧವನ್ನು ಕತ್ತಿಯ ಕಡೆಯಿಂದ ಹೇಳಬಹುದು, ಬಾಯಾರಿಕೆಯ ಕಡೆಯಿಂದಲೂ ಹೇಳಬಹುದು. ಯುದ್ಧವಿರೋಧಿ ಸಿನಿಮಾ ಎರಡನೆಯ ದಾರಿಯನ್ನು ಹಿಡಿಯುತ್ತದೆ.

ನಮ್ಮ ಹಳಗನ್ನಡ ಕಾವ್ಯಕ್ಕೂ ಈ ದಾರಿ ಗೊತ್ತಿತ್ತು. ರನ್ನನ ಗದಾಯುದ್ಧದಲ್ಲಿ ಹೆಣಗಳ ನಡುವೆ ಕಾಲೆಳೆದುಕೊಂಡು ನಡೆಯುವ ದುರ್ಯೋಧನ, ತನ್ನ ತಮ್ಮನಿಗೂ ಗೆಳೆಯ ಕರ್ಣನಿಗೂ ಅಳುವುದರ ಜೊತೆಗೆ, ಅಭಿಮನ್ಯುವಿನ ಶವದ ಮುಂದೆಯೂ ನಿಲ್ಲುತ್ತಾನೆ. ಅದು ವೈರಿಯ ಮಗನ ಶವ. ಅಲ್ಲಿ ಅವನು ಕೈಮುಗಿದು, ನಿನ್ನ ಸಾಹಸದ ಒಂದು ಪಾಲಾದರೂ ಸೇರಿದ ಮರಣ ನನಗೂ ಬರಲಿ ಎಂದು ಬೇಡಿಕೊಳ್ಳುತ್ತಾನೆ. ಸಾವಿರ ವರ್ಷ ಹಿಂದಿನ ಕವಿ ವೈರಿಯ ಬಾಯಲ್ಲೇ ವೈರಿಯ ಗುಣವನ್ನು ಆಡಿಸಿದ್ದಾನೆ.

ಗುಂಡಿಯೊಳಗಿನ ಒಂದು ರಾತ್ರಿ

ಈ ಬಗೆಯ ಚಿತ್ರಗಳ ಪೈಕಿ ಇಂದಿಗೂ ಮೊದಲು ಹೆಸರಿಸುವುದು 1930ರ 'ಆಲ್ ಕ್ವೈಟ್ ಆನ್ ದ ವೆಸ್ಟರ್ನ್ ಫ್ರಂಟ್'. ಮೊದಲ ಮಹಾಯುದ್ಧದಲ್ಲಿ ಸ್ವತಃ ಹೋರಾಡಿದ್ದ ಜರ್ಮನ್ ಲೇಖಕ ಎರಿಕ್ ಮರಿಯಾ ರಿಮಾರ್ಕ್ ಬರೆದ ಕಾದಂಬರಿಯನ್ನು ಅಮೆರಿಕದಲ್ಲಿ ಲೂಯಿಸ್ ಮೈಲ್‌ಸ್ಟೋನ್ ಸಿನಿಮಾ ಮಾಡಿದರು. ಅಮೆರಿಕ ಮತ್ತು ಜರ್ಮನಿ ಆ ಯುದ್ಧದಲ್ಲಿ ಎದುರಾಳಿಗಳಾಗಿದ್ದವು. ಯುದ್ಧ ಮುಗಿದು ಹನ್ನೆರಡೇ ವರ್ಷಗಳಲ್ಲಿ ಒಂದು ದೇಶ ತನ್ನ ಶತ್ರುವಾಗಿದ್ದವನನ್ನು ನಾಯಕನಾಗಿಸಿ ಚಿತ್ರ ತೆಗೆಯಿತು ಎಂಬುದೇ ದೊಡ್ಡ ಸಂಗತಿ.

ಪಾಲ್ ಎಂಬ ಹುಡುಗ ಶಾಲೆಯ ಮಾಸ್ತರರ ಆವೇಶದ ಭಾಷಣ ಕೇಳಿ, ಇಡೀ ತರಗತಿಯ ಜೊತೆ ಸೇನೆಗೆ ಸೇರುತ್ತಾನೆ. ಒಂದು ದಾಳಿಯಲ್ಲಿ ಅವನು ಶೆಲ್ ಬಿದ್ದು ಆದ ಗುಂಡಿಯೊಂದರಲ್ಲಿ ಅವಿತುಕೊಳ್ಳುತ್ತಾನೆ. ಮೇಲಿನಿಂದ ಶತ್ರುಸೈನಿಕರು ಹಾರಿಕೊಂಡು ಹೋಗುತ್ತಿರುತ್ತಾರೆ. ಒಬ್ಬ ಫ್ರೆಂಚ್ ಸೈನಿಕ ಗುಂಡಿಯೊಳಕ್ಕೇ ಜಿಗಿಯುತ್ತಾನೆ, ಪಾಲ್ ಹೆದರಿಕೆಯಲ್ಲಿ ಅವನಿಗೆ ಇರಿಯುತ್ತಾನೆ. ಬೇರೆ ಯಾವ ಚಿತ್ರವಾದರೂ ಇಲ್ಲಿಂದ ಮುಂದಿನ ದೃಶ್ಯಕ್ಕೆ ಹೋಗಿಬಿಡುತ್ತಿತ್ತು. ಈ ಚಿತ್ರ ಅಲ್ಲೇ ನಿಲ್ಲುತ್ತದೆ. ಮೇಲೆ ಗುಂಡು ಹಾರುತ್ತಿರುವುದರಿಂದ ಪಾಲ್ ಹೊರಗೆ ಬರುವಂತಿಲ್ಲ. ಇರಿತ ತಿಂದವನು ತಕ್ಷಣ ಸಾಯುವುದೂ ಇಲ್ಲ. ರಾತ್ರಿಯಿಡೀ ಅವನ ನರಳಾಟ ಕೇಳುತ್ತಾ ಪಾಲ್ ಅವನ ಪಕ್ಕದಲ್ಲೇ ಇರಬೇಕು. ಅವನು ನೀರು ತಂದು ತುಟಿಗೆ ತಾಗಿಸುತ್ತಾನೆ, ಸಾಯಬೇಡ ಎಂದು ಗೋಗರೆಯುತ್ತಾನೆ. ಬೆಳಗಾಗುವಷ್ಟರಲ್ಲಿ ಆ ಸೈನಿಕ ಕಣ್ಣು ತೆರೆದುಕೊಂಡೇ ಸತ್ತಿರುತ್ತಾನೆ. ಪಾಲ್ ಅವನ ಜೇಬಿನಿಂದ ಕಾಗದಪತ್ರಗಳನ್ನು ತೆಗೆದಾಗ ಹೆಂಡತಿ ಮತ್ತು ಮಗಳ ಫೋಟೋ ಹೊರಬರುತ್ತದೆ. ಅವನಿಗೊಂದು ಹೆಸರೂ ಇದೆ. ಈ ಬಂದೂಕು, ಈ ಬಟ್ಟೆ ಇಲ್ಲದಿದ್ದರೆ ನೀನು ನನ್ನ ಅಣ್ಣನಾಗಬಹುದಿತ್ತು ಎಂಬ ಅರ್ಥದ ಮಾತುಗಳನ್ನಾಡಿ ಪಾಲ್ ಸತ್ತವನ ಕ್ಷಮೆ ಕೇಳುತ್ತಾನೆ.

ಯುದ್ಧವಿರೋಧಿ ಸಿನಿಮಾದ ವ್ಯಾಖ್ಯಾನವನ್ನು ಯಾರಾದರೂ ಕೇಳಿದರೆ ನಾನು ಈ ದೃಶ್ಯವನ್ನೇ ತೋರಿಸುತ್ತೇನೆ. ಇದರಲ್ಲಿ ಯುದ್ಧ ಕೆಟ್ಟದ್ದೆಂದು ಯಾರೂ ಭಾಷಣ ಮಾಡುವುದಿಲ್ಲ. ಕೊಂದವನನ್ನು ಸತ್ತವನ ಜೊತೆ ಒಂದು ರಾತ್ರಿ ಕೂರಿಸುತ್ತಾರೆ, ಅಷ್ಟೇ.

ಕ್ಯಾಮೆರಾ ಎಲ್ಲಿ ನಿಲ್ಲುತ್ತದೆ?

ಸಿನಿಮಾ ಮಾಧ್ಯಮಕ್ಕೆ ಇಲ್ಲೊಂದು ಹುಟ್ಟು ತೊಡಕಿದೆ. ಓಡುವ ಕುದುರೆ, ಸಿಡಿಯುವ ಬಾಂಬು, ಕುಸಿಯುವ ಸೇತುವೆ ಇವೆಲ್ಲ ತೆರೆಯ ಮೇಲೆ ನೋಡಲು ರೋಚಕವಾಗಿರುತ್ತವೆ. ನಿರ್ದೇಶಕನ ಮನಸ್ಸಿನಲ್ಲಿ ಯುದ್ಧದ ಬಗ್ಗೆ ಅಸಹ್ಯವೇ ಇದ್ದರೂ ಪ್ರೇಕ್ಷಕ ಸೀಟಿನ ತುದಿಗೆ ಬಂದು ಸಂತೋಷಪಡಬಹುದು. ಯುದ್ಧದ ಬಗೆಗಿನ ಪ್ರತಿ ಚಿತ್ರವೂ ಕೊನೆಗೆ ಯುದ್ಧದ ಪರವೇ ಆಗಿಬಿಡುತ್ತದೆ ಎಂದು ಫ್ರೆಂಚ್ ನಿರ್ದೇಶಕ ಫ್ರಾನ್ಸ್ವಾ ತ್ರುಫೋ 1973ರಲ್ಲಿ ಹೇಳಿದ ಮಾತು ಇದೇ ತೊಡಕನ್ನು ಕುರಿತದ್ದು. ಹಾಗಲಕಾಯಿಯ ಕಹಿಯನ್ನು ತಿಳಿಸಲು ಹೋಗಿ ಬೆಲ್ಲ ಬೆರೆಸಿದಂತೆ ಆಗುವ ಅಪಾಯ ಅದು.

ಒಳ್ಳೆಯ ನಿರ್ದೇಶಕರು ಇದಕ್ಕೆ ಬೇರೆ ಬೇರೆ ಉಪಾಯಗಳನ್ನು ಕಂಡುಕೊಂಡಿದ್ದಾರೆ. 1985ರ ಸೋವಿಯತ್ ಚಿತ್ರ 'ಕಮ್ ಅಂಡ್ ಸೀ'ಯಲ್ಲಿ ಎಲೆಮ್ ಕ್ಲಿಮೋವ್ ಧ್ವನಿಯನ್ನು ಬಳಸಿದ ರೀತಿಯನ್ನೇ ನೋಡಿ. ಬೆಲಾರುಸ್‌ನ ಹಳ್ಳಿಯ ಹುಡುಗನೊಬ್ಬನ ಹತ್ತಿರ ಬಾಂಬು ಸಿಡಿದಾಗ ಅವನ ಕಿವಿ ಗುಂಯ್‌ಗುಡತೊಡಗುತ್ತದೆ. ಅಲ್ಲಿಂದ ಕೆಲ ಹೊತ್ತು ಚಿತ್ರದ ಧ್ವನಿಯೆಲ್ಲ ಅದೇ ಗುಂಯ್‌ಗುಡುವಿಕೆಯೊಳಗಿಂದ ಕೇಳುತ್ತದೆ. ಪ್ರೇಕ್ಷಕ ಆ ಸ್ಫೋಟವನ್ನು ದೂರದಿಂದ ನೋಡುವುದು ತಪ್ಪಿ, ಅದಕ್ಕೆ ಸಿಕ್ಕವನ ತಲೆಯೊಳಗೆ ಬಂದು ಕೂರುತ್ತಾನೆ. ಚಿತ್ರ ಮುಂದುವರಿದಂತೆ ಹುಡುಗನ ಮುಖ ಮುದುಕನ ಮುಖದಂತೆ ಸುಕ್ಕುಗಟ್ಟುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಹಿಟ್ಲರನ ನಾಜಿಗಳು ಬೆಲಾರುಸ್‌ನ 628 ಹಳ್ಳಿಗಳನ್ನು ಜನರ ಸಮೇತ ಸುಟ್ಟರೆಂದು ಚಿತ್ರದ ಕೊನೆಯಲ್ಲಿ ಬರೆದು ತೋರಿಸುತ್ತಾರೆ. ಚಿತ್ರಕಥೆ ಬರೆದವರಲ್ಲಿ ಒಬ್ಬರಾದ ಅಲೆಸ್ ಆಡಮೋವಿಚ್ ಹುಡುಗನಾಗಿದ್ದಾಗಲೇ ನಾಜಿಗಳ ವಿರುದ್ಧ ಕಾಡಿನಲ್ಲಿ ಹೋರಾಡಿದ್ದವರು.

ಜಪಾನಿನ ಇಸಾವೊ ತಕಾಹತಾ 1988ರಲ್ಲಿ ಮಾಡಿದ 'ಗ್ರೇವ್ ಆಫ್ ದ ಫೈರ್‌ಫ್ಲೈಸ್' ಕೈಯಿಂದ ಬಿಡಿಸಿದ ಚಿತ್ರಗಳ ಸಿನಿಮಾ. ಅದರಲ್ಲಿ ಕುತೂಹಲವನ್ನೇ ಮೊದಲು ತೆಗೆದುಹಾಕಿದ್ದಾರೆ: ಅಣ್ಣ ರೈಲು ನಿಲ್ದಾಣದಲ್ಲಿ ಹಸಿವಿನಿಂದ ಸಾಯುವುದರಿಂದಲೇ ಕಥೆ ತೊಡಗುತ್ತದೆ. ಕೋಬೆ ನಗರದ ಮೇಲೆ ಬಾಂಬು ಬಿದ್ದು ತಾಯಿ ಸತ್ತ ಮೇಲೆ ಆ ಹುಡುಗ ಪುಟ್ಟ ತಂಗಿಯನ್ನು ಬದುಕಿಸಿಕೊಳ್ಳಲು ಒದ್ದಾಡುತ್ತಾನೆ. ಪೆಪ್ಪರ್‌ಮಿಂಟಿನ ತಗಡಿನ ಡಬ್ಬಿಯೊಂದು ಚಿತ್ರದುದ್ದಕ್ಕೂ ಬರುತ್ತದೆ. ಮೊದಲು ಅದರಲ್ಲಿ ಸಿಹಿ ಇರುತ್ತದೆ, ಕೊನೆಗೆ ಆ ತಂಗಿಯ ಅಸ್ಥಿ. ಇದು ಯುದ್ಧವಿರೋಧಿ ಚಿತ್ರವೆಂಬ ವರ್ಣನೆಯನ್ನು ತಕಾಹತಾ ಅವರೇ ಒಪ್ಪುತ್ತಿರಲಿಲ್ಲ. ಆದರೆ ಅದನ್ನು ನೋಡಿ ಎದ್ದವರಿಗೆ ಬಾಂಬು ಬೀಳುವ ವಿಡಿಯೊವನ್ನು ಮೊದಲಿನಂತೆ ನೋಡಲು ಆಗುವುದಿಲ್ಲ.

ಬೇರೊಂದು ಉಪಾಯವೆಂದರೆ ನಗು. ಸತ್ಯಜಿತ್ ರಾಯ್ ಅವರ 1969ರ 'ಗೂಪಿ ಗಾಯ್ನೆ ಬಾಘಾ ಬಾಯ್ನೆ'ಯಲ್ಲಿ ಯುದ್ಧಕ್ಕೆ ಹೊರಟ ಸೈನಿಕರು ಹೊಟ್ಟೆಗಿಲ್ಲದೆ ಸೊರಗಿರುತ್ತಾರೆ. ಇಬ್ಬರು ಹಾಡುಗಾರರು ಹಾಡಿ, ಆಕಾಶದಿಂದ ಮಿಠಾಯಿಯ ಗಡಿಗೆಗಳನ್ನು ಇಳಿಸುತ್ತಾರೆ. ಸೈನಿಕರು ಆಯುಧ ಬಿಸಾಕಿ ತಿನ್ನಲು ಓಡುತ್ತಾರೆ, ಯುದ್ಧ ಅಲ್ಲಿಗೇ ನಿಂತುಹೋಗುತ್ತದೆ. ಮಕ್ಕಳು ನಗುತ್ತಾರೆ, ಹಸಿದ ಮನುಷ್ಯನನ್ನು ರಾಜ ಯುದ್ಧಕ್ಕೆ ಅಟ್ಟಿದ್ದಾನೆ ಎಂಬುದನ್ನೂ ಆ ನಗುವಿನಲ್ಲೇ ತಿಳಿದುಕೊಳ್ಳುತ್ತಾರೆ.

ಇಂಥ ಚಿತ್ರಗಳಿಗೆ ಯಾರು ಹೆದರಿದರು?

1930ರ ಡಿಸೆಂಬರಿನಲ್ಲಿ ಮೈಲ್‌ಸ್ಟೋನ್ ಅವರ 'ಆಲ್ ಕ್ವೈಟ್' ಚಿತ್ರ ಬರ್ಲಿನ್‌ನಲ್ಲಿ ತೆರೆಕಂಡಾಗ, ಹಿಟ್ಲರನ ಪಕ್ಷದ ಪ್ರಚಾರಕ ಗೋಬೆಲ್ಸ್ ನೇತೃತ್ವದಲ್ಲಿ ನಾಜಿಗಳು ಚಿತ್ರಮಂದಿರದೊಳಗೆ ಗಬ್ಬುನಾತದ ಬಾಂಬುಗಳನ್ನು ಎಸೆದು, ಬಿಳಿ ಇಲಿಗಳನ್ನು ಬಿಟ್ಟು ಪ್ರದರ್ಶನ ಕೆಡಿಸಿದರು. ಕೆಲವೇ ದಿನಗಳಲ್ಲಿ ಚಿತ್ರವನ್ನು ಜರ್ಮನಿಯಲ್ಲಿ ನಿಷೇಧಿಸಲಾಯಿತು. ಹಿಟ್ಲರ್ ಆಗಿನ್ನೂ ಅಧಿಕಾರಕ್ಕೆ ಬಂದಿರಲಿಲ್ಲ ಎಂಬುದನ್ನು ಗಮನಿಸಬೇಕು. 1933ರಲ್ಲಿ ಅಧಿಕಾರ ಸಿಕ್ಕ ಮೇಲೆ ರಿಮಾರ್ಕ್ ಕಾದಂಬರಿಯನ್ನು ಬೀದಿಯಲ್ಲಿ ಸುಟ್ಟರು.

ಫ್ರಾನ್ಸಿನ ಜಾನ್ ರೆನ್ವಾರ್ 1937ರಲ್ಲಿ ಮಾಡಿದ 'ಲಾ ಗ್ರಾಂದ್ ಇಲ್ಯುಜಿಯೋ'ಗೂ ನಾಜಿ ಜರ್ಮನಿಯಲ್ಲಿ ನಿಷೇಧ ಬಿತ್ತು. ಅದರಲ್ಲಿ ಸೆರೆಸಿಕ್ಕ ಫ್ರೆಂಚ್ ಅಧಿಕಾರಿಯನ್ನು ಗುಂಡಿಕ್ಕಬೇಕಾಗಿ ಬಂದ ಜರ್ಮನ್ ಅಧಿಕಾರಿ, ಆತ ಸತ್ತ ಮೇಲೆ ಕೋಟೆಯಲ್ಲಿದ್ದ ಒಂದೇ ಒಂದು ಹೂವನ್ನು ಕತ್ತರಿಸಿಬಿಡುತ್ತಾನೆ. ನಿಷೇಧ ನಾಜಿಗಳ ಸೊತ್ತೇನೂ ಆಗಿರಲಿಲ್ಲ. ಹೇಡಿತನದ ಆರೋಪ ಹೊರಿಸಿ ತನ್ನದೇ ಸೈನಿಕರಿಗೆ ಮರಣದಂಡನೆ ಕೊಡುವ ಫ್ರೆಂಚ್ ಸೇನಾಧಿಕಾರಿಗಳ ಕಥೆಯಿದ್ದ ಸ್ಟ್ಯಾನ್ಲಿ ಕುಬ್ರಿಕ್‌ನ 'ಪಾತ್ಸ್ ಆಫ್ ಗ್ಲೋರಿ' ಬಂದದ್ದು 1957ರಲ್ಲಿ. ಪ್ರಜಾಪ್ರಭುತ್ವವಿದ್ದ ಫ್ರಾನ್ಸಿನಲ್ಲಿ ಅದು ತೆರೆಕಾಣಲು 1975ರವರೆಗೆ ಕಾಯಬೇಕಾಯಿತು.

ಜನರನ್ನು ಯುದ್ಧಕ್ಕೆ ಒಪ್ಪಿಸಬೇಕಾದರೆ ಎದುರಿನವನು ಮನುಷ್ಯನೆಂಬುದನ್ನು ಮರೆಸಬೇಕಾಗುತ್ತದೆ. ಅದನ್ನು ನೆನಪಿಸುವ ಎರಡು ಗಂಟೆಯ ಚಿತ್ರವೂ ಆ ಕೆಲಸಕ್ಕೆ ಅಡ್ಡಿ. ಹೆದರಿಕೆಯ ಕಾರಣ ಅಲ್ಲಿದೆ.

ಯುದ್ಧದ ನಡುವೆ ಮನುಷ್ಯನಾಗಿ ಉಳಿಯುವುದು

ಈ ಚಿತ್ರಗಳು ಕ್ರೌರ್ಯವನ್ನಷ್ಟೇ ತೋರಿಸಿದ್ದರೆ ಯಾರಿಗೂ ಎರಡನೆಯ ಸಲ ನೋಡಲು ಮನಸ್ಸಾಗುತ್ತಿರಲಿಲ್ಲ. ಅವು ಹುಡುಕುವುದು ಅದರ ನಡುವೆಯೂ ಉಳಿದುಬರುವ ಏನನ್ನೋ. ಕೋನ್ ಇಚಿಕಾವಾ ಅವರ 1956ರ 'ದ ಬರ್ಮೀಸ್ ಹಾರ್ಪ್' ಚಿತ್ರದಲ್ಲಿ ಬರ್ಮಾದ ಹಳ್ಳಿಯೊಂದರಲ್ಲಿ ಜಪಾನಿ ತುಕಡಿಯನ್ನು ಬ್ರಿಟಿಷರು ಸುತ್ತುವರಿದಿರುತ್ತಾರೆ. ಅನುಮಾನ ಬಾರದಿರಲೆಂದು ಜಪಾನಿಗಳು ತಮ್ಮ ನಾಡಿನ, ಮನೆಯ ನೆನಪಿನ ಹಾಡೊಂದನ್ನು ಹಾಡುತ್ತಾರೆ. ಕತ್ತಲೊಳಗಿಂದ ಅದೇ ಧಾಟಿ ಇಂಗ್ಲಿಷಿನಲ್ಲಿ ಮರಳಿ ಕೇಳಿಬರುತ್ತದೆ. ಎರಡೂ ಕಡೆಯವರಿಗೆ ಆ ಹಾಡು ತಮ್ಮದೇ. ಯುದ್ಧ ಮುಗಿದ ಮೇಲೆ ಆ ತುಕಡಿಯ ವೀಣೆಗಾರ ಮಿಜುಶಿಮಾ ಊರಿಗೆ ಮರಳಲು ಒಪ್ಪದೆ, ಬೌದ್ಧ ಭಿಕ್ಷುವಿನ ಬಟ್ಟೆ ತೊಟ್ಟು, ನದಿಯ ದಂಡೆಯಲ್ಲಿ ಅನಾಥವಾಗಿ ಬಿದ್ದ ಹೆಣಗಳನ್ನು ಮಣ್ಣು ಮಾಡುವ ಕೆಲಸಕ್ಕೆ ನಿಲ್ಲುತ್ತಾನೆ.

ಮನುಷ್ಯತ್ವವೆಂಬುದು ಇಲ್ಲಿ ಭಾವನೆಯಾಗಿ ಉಳಿಯದೆ ಕೈಯಿಂದ ಮಾಡುವ ಕೆಲಸವಾಗಿದೆ: ನೀರು ಕೊಡುವುದು, ಗಾಯ ಕಟ್ಟುವುದು, ಹೆಣ ಹೂಳುವುದು. ಜಗತ್ತು ಇದನ್ನು ಕಾನೂನಾಗಿಯೂ ಬರೆದುಕೊಂಡಿದೆ. 1859ರಲ್ಲಿ ಇಟಲಿಯ ಸೋಲ್ಫೆರಿನೋ ಕಾಳಗದ ನಂತರ ಸಾವಿರಾರು ಗಾಯಾಳುಗಳು ನೋಡುವವರಿಲ್ಲದೆ ಬಿದ್ದಿದ್ದನ್ನು ಕಂಡ ಸ್ವಿಸ್ ವ್ಯಾಪಾರಿ ಹೆನ್ರಿ ಡುನಾಂಟ್, ಊರಿನ ಹೆಂಗಸರನ್ನು ಸೇರಿಸಿ ಪಕ್ಷ ನೋಡದೆ ಎಲ್ಲರ ಶುಶ್ರೂಷೆಗೆ ನಿಂತ. ಆ ಅನುಭವದಿಂದ ರೆಡ್ ಕ್ರಾಸ್ ಹುಟ್ಟಿತು, 1864ರಲ್ಲಿ ಮೊದಲ ಜಿನೀವಾ ಒಪ್ಪಂದವಾಯಿತು. ಇಂದು ಜಾರಿಯಲ್ಲಿರುವ ನಾಲ್ಕು ಜಿನೀವಾ ಒಪ್ಪಂದಗಳು 1949ರವು. ಗಾಯಾಳುಗಳು, ಸೆರೆಸಿಕ್ಕವರು ಮತ್ತು ನಾಗರಿಕರಿಗೆ ರಕ್ಷಣೆ ಕೊಡಬೇಕೆಂಬುದು ಅವುಗಳ ಸಾರ. ಭಾರತವೂ 1960ರಲ್ಲಿ ಅದಕ್ಕಾಗಿ ಪ್ರತ್ಯೇಕ ಕಾಯ್ದೆ ಮಾಡಿದೆ.

ಈ ಮಾತಿಗೆ ನಮ್ಮ ನೆರೆಯಲ್ಲೇ ಒಬ್ಬ ವ್ಯಕ್ತಿಯಿದ್ದರು. ಕಲಬುರಗಿಯಲ್ಲಿ ರೈಲು ಹತ್ತಿ ಮುಂಬೈ ಕಡೆಗೆ ಹೊರಟರೆ ಮೊದಲು ಸಿಗುವ ದೊಡ್ಡ ಊರು ಸೋಲಾಪುರ. 1910ರಲ್ಲಿ ಅಲ್ಲಿ ಹುಟ್ಟಿದ ಡಾ. ದ್ವಾರಕಾನಾಥ ಕೋಟ್ನಿಸ್, ಜಪಾನಿನ ದಾಳಿಗೆ ಸಿಕ್ಕ ಚೀನಾಕ್ಕೆ 1938ರಲ್ಲಿ ಭಾರತದಿಂದ ಹೋದ ಐವರು ವೈದ್ಯರಲ್ಲಿ ಒಬ್ಬರು. ಉಳಿದವರು ಮರಳಿದರೂ ಅವರು ಅಲ್ಲೇ ಗಾಯಾಳುಗಳ ನಡುವೆ ಉಳಿದು, 1942ರ ಡಿಸೆಂಬರಿನಲ್ಲಿ 32ನೇ ವಯಸ್ಸಿಗೆ ತೀರಿಕೊಂಡರು. ಅವರ ಬದುಕನ್ನು ವಿ. ಶಾಂತಾರಾಂ 1946ರಲ್ಲಿ 'ಡಾ. ಕೋಟ್ನಿಸ್ ಕಿ ಅಮರ್ ಕಹಾನಿ' ಎಂದು ಸಿನಿಮಾ ಮಾಡಿ, ತಾವೇ ಕೋಟ್ನಿಸರ ಪಾತ್ರ ವಹಿಸಿದರು. ಆ ಚಿತ್ರ ಒಂದು ಪಕ್ಷದ ಪರವಾಗಿಯೇ ಇರುವುದರಿಂದ ಅದನ್ನು ಪೂರ್ಣಾರ್ಥದಲ್ಲಿ ಯುದ್ಧವಿರೋಧಿ ಎನ್ನಲಾಗದು. ಆದರೂ ನಾಯಕನ ಕೈಯಲ್ಲಿ ಬಂದೂಕಿಲ್ಲ, ಚಿಕಿತ್ಸೆಯ ಚೀಲವಿದೆ.

ಸನ್ನತಿಯ ಕಲ್ಲು

ಗೆದ್ದವನೇ ಯುದ್ಧಕ್ಕಾಗಿ ಪಶ್ಚಾತ್ತಾಪಪಟ್ಟದ್ದಕ್ಕೆ ಲೋಕಪ್ರಸಿದ್ಧ ಉದಾಹರಣೆ ಅಶೋಕ. ಕಳಿಂಗದಲ್ಲಿ ಒಂದು ಲಕ್ಷ ಜನ ಹತರಾದರು, ಒಂದೂವರೆ ಲಕ್ಷ ಜನರನ್ನು ಸೆರೆ ಒಯ್ಯಲಾಯಿತು ಎಂದು ಅವನೇ ತನ್ನ 13ನೇ ಶಿಲಾಶಾಸನದಲ್ಲಿ ಹೇಳಿಕೊಂಡಿದ್ದಾನೆ. ಆ ದುಃಖದ ಮಾತನ್ನು ಅವನು ಬೇರೆ ಕಡೆ ಕೆತ್ತಿಸಿದರೂ ಕಳಿಂಗದಲ್ಲಿ ಕೆತ್ತಿಸಲಿಲ್ಲ. ಅದರ ಬದಲು ನೊಂದ ಜನರಿಗಾಗಿ ಅಲ್ಲಿ ಪ್ರತ್ಯೇಕ ಶಾಸನಗಳನ್ನು ಬರೆಸಿದ. ಎಲ್ಲ ಮನುಷ್ಯರೂ ನನ್ನ ಮಕ್ಕಳು ಎಂಬುದು ಅವುಗಳ ತಿರುಳು. ಕಳಿಂಗದಾಚೆ ಆ ಪ್ರತ್ಯೇಕ ಶಾಸನಗಳು ಸಿಕ್ಕಿದ್ದು ನಮ್ಮ ಜಿಲ್ಲೆಯಲ್ಲಿ, ಭೀಮಾ ದಂಡೆಯ ಸನ್ನತಿಯಲ್ಲಿ. 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಚಾವಣಿ ಕುಸಿದಾಗ, ಮೂರ್ತಿಯ ಪೀಠವಾಗಿ ಬಳಸಿದ್ದ ಕಲ್ಲಿನ ಮೇಲೆ ಬ್ರಾಹ್ಮಿ ಅಕ್ಷರಗಳು ಕಂಡವು. ಎಷ್ಟೋ ತಲೆಮಾರಿನ ಜನ ಕೈಮುಗಿದ ಮೂರ್ತಿಯ ಕೆಳಗೆ ಆ ಮಾತು ಮೌನವಾಗಿ ಕೂತಿತ್ತು. ಸನ್ನತಿಗೆ ಹೋದವರು ಹತ್ತಿರದ ಕನಗನಹಳ್ಳಿಯ ಸ್ತೂಪದಲ್ಲಿ 'ರಾಯ ಅಸೋಕೊ' ಎಂದು ಬರೆದ ಅಶೋಕನ ಶಿಲ್ಪವೂ ದೊರೆತಿತ್ತೆಂಬುದನ್ನು ತಿಳಿದಿರಬೇಕು.

ಇದು ಸೈನಿಕರ ವಿರುದ್ಧವೇ?

ಈ ಅನುಮಾನಕ್ಕೆ ನೇರ ಉತ್ತರವಿದೆ. ಈ ಚಿತ್ರಗಳನ್ನು ಮಾಡಿದವರಲ್ಲಿ ಬಹಳ ಮಂದಿ ಸ್ವತಃ ಸೈನಿಕರಾಗಿದ್ದವರು. ರೆನ್ವಾರ್ ಮೊದಲ ಮಹಾಯುದ್ಧದಲ್ಲಿ ಕಾಲಿಗೆ ಗುಂಡೇಟು ತಿಂದಿದ್ದರು. ಜಪಾನಿನ ಮಸಾಕಿ ಕೊಬಯಾಶಿ ಸೇನೆಯಲ್ಲಿದ್ದಾಗ ಬಡ್ತಿ ಬೇಡವೆಂದು ಸಾಮಾನ್ಯ ಸಿಪಾಯಿಯಾಗಿಯೇ ಉಳಿದವರು. ಮುಂದೆ ಒಂಬತ್ತು ಗಂಟೆಗೂ ಹೆಚ್ಚು ಉದ್ದದ, ಮೂರು ಭಾಗಗಳ 'ದ ಹ್ಯೂಮನ್ ಕಂಡಿಷನ್' ಮಾಡಿದರು. ಕನ್ನಡದಲ್ಲಿ ರಾಜೇಂದ್ರಸಿಂಗ್ ಬಾಬು ಅವರ 1990ರ 'ಮುತ್ತಿನ ಹಾರ' ಯೋಧ ಮತ್ತು ದಾದಿ ದಂಪತಿಯ ಕಥೆ. ಅದು ಸೈನಿಕನ ಶೌರ್ಯಕ್ಕೆ ತಲೆಬಾಗುತ್ತಲೇ, ಆ ಶೌರ್ಯಕ್ಕೆ ಒಂದು ಮನೆ ತೆರುವ ಬೆಲೆಯನ್ನು ಲೆಕ್ಕ ಹಾಕುತ್ತದೆ. ಸೈನಿಕನ ಜೀವ ಅಗ್ಗವಲ್ಲ ಎಂದು ನಂಬಿದವರಿಗೆ ಮಾತ್ರ ಅಂಥ ಲೆಕ್ಕ ಹಾಕಲು ಸಾಧ್ಯ.

ಎಲ್ಲಿಂದ ತೊಡಗಬೇಕು?

ಮೊದಲ ಸಲ ನೋಡುವವರಿಗೆ 'ಕಮ್ ಅಂಡ್ ಸೀ' ತೀರಾ ಕಠಿಣವಾಗಬಹುದು. 'ಫೈರ್‌ಫ್ಲೈಸ್' ಬೊಂಬೆಚಿತ್ರದಂತೆ ಕಂಡರೂ ಚಿಕ್ಕ ಮಕ್ಕಳನ್ನು ಅದರ ಮುಂದೆ ಒಬ್ಬರನ್ನೇ ಕೂರಿಸಬಾರದು. ನಾನು ಯಾವಾಗಲೂ ಹೇಳುವುದು ಗ್ರಿಗೊರಿ ಚುಖ್ರಾಯ್ ಅವರ 1959ರ 'ಬ್ಯಾಲಡ್ ಆಫ್ ಎ ಸೋಲ್ಜರ್'. ಚುಖ್ರಾಯ್ ಕೂಡ ಸ್ಟಾಲಿನ್‌ಗ್ರಾಡ್‌ನಲ್ಲಿ ಹೋರಾಡಿ ಗಾಯಗೊಂಡವರೇ.

ಹತ್ತೊಂಬತ್ತರ ಹುಡುಗ ಅಲ್ಯೋಷಾ ಎರಡು ಟ್ಯಾಂಕುಗಳನ್ನು ಹೊಡೆಯುತ್ತಾನೆ. ಸೇನಾಪತಿ ಹೊಗಳಿದಾಗ, ನನಗೆ ಹೆದರಿಕೆಯಾಯಿತು, ಅದಕ್ಕೇ ಹೊಡೆದೆ ಎನ್ನುತ್ತಾನೆ. ಪದಕದ ಬದಲು ಊರಿಗೆ ಹೋಗಲು ರಜೆ ಕೇಳುತ್ತಾನೆ. ಮನೆಯ ಚಾವಣಿ ಸೋರುತ್ತಿದೆಯೆಂದು ಅವ್ವ ಕಾಗದ ಬರೆದಿದ್ದಾಳೆ, ದುರಸ್ತಿ ಮಾಡಬೇಕು. ಆರು ದಿನ ಸಿಗುತ್ತದೆ. ದಾರಿಯಲ್ಲಿ ಕಾಲು ಕಳೆದುಕೊಂಡ ಸೈನಿಕನೊಬ್ಬನನ್ನು ಅವನ ಹೆಂಡತಿಗೆ ಒಪ್ಪಿಸುವುದರಲ್ಲಿ, ಅಪರಿಚಿತ ಸಿಪಾಯಿಯೊಬ್ಬ ಮನೆಗೆ ಕೊಡೆಂದು ಕೊಟ್ಟ ಎರಡು ಸಾಬೂನು ಮುಟ್ಟಿಸುವುದರಲ್ಲಿ, ಬಾಂಬಿಗೆ ಸಿಕ್ಕ ರೈಲಿನವರಿಗೆ ನೆರವಾಗುವುದರಲ್ಲಿ ಆ ದಿನಗಳು ಕರಗಿಹೋಗುತ್ತವೆ. ಊರು ತಲುಪುವಾಗ ಉಳಿದಿರುವುದು ಕೆಲವೇ ನಿಮಿಷ. ಹೊಲದಿಂದ ಓಡಿಬಂದ ತಾಯಿಯನ್ನು ರಸ್ತೆಯಲ್ಲೇ ತಬ್ಬಿಕೊಂಡು ಅವನು ಮರಳಿ ಹೊರಡುತ್ತಾನೆ. ಅವನು ಇನ್ನು ಬರುವುದಿಲ್ಲ ಎಂಬುದನ್ನು ಚಿತ್ರ ಮೊದಲಿಗೇ ನಮಗೆ ಹೇಳಿಬಿಟ್ಟಿರುತ್ತದೆ.

ಕೆಲವು ಗೆಳೆಯರು ಸೇರಿ ಕಲಬುರಗಿಯ ಸಣ್ಣ ಸಭಾಂಗಣವೊಂದರಲ್ಲಿ ಈ ಚಿತ್ರ ತೋರಿಸಿದ್ದೆವು. ಭಾಷೆ ರಷ್ಯನ್, ಕೆಳಗಿನ ಅಕ್ಷರ ಇಂಗ್ಲಿಷ್. ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತಿದ್ದೆ. ಮೊಮ್ಮಗನ ಜೊತೆ ಬಂದಿದ್ದ ಅಜ್ಜಿಯೊಬ್ಬರು, ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಹಾಕಿಸುವ ಮನೆಯಲ್ಲಿ ಬಾಳಿದವರು, ಕೊನೆಯವರೆಗೂ ಅಲ್ಲಾಡದೆ ಕೂತು ನೋಡಿದರು. ದೀಪ ಹಾಕಿದ ಮೇಲೆ ಜನ ಯುದ್ಧದ ಬಗ್ಗೆ, ರಷ್ಯಾದ ಬಗ್ಗೆ ಏನೇನೋ ಕೇಳಿದರು. ಅಜ್ಜಿ ಎಲ್ಲರೂ ಹೋಗುವವರೆಗೆ ಕಾದು, ಹತ್ತಿರ ಬಂದು ನನ್ನ ಕೈ ಹಿಡಿದುಕೊಂಡರು.

"ಮತ್ತ ಆ ಮಾಳಗಿ ಹಂಗ ಸೋರಕೋತ ಉಳೀತೇನು ತಮ್ಮಾ?"